ನಲವತ್ತೊಂದು ಡಿಗ್ರಿ

ವೀಕ್ಷಣಾಲಯ
ಮಾರ್ಚ್ 5, ಗುರುವಾರ

ಅಣ್ಣನಿಗೆ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ನನ್ನ ದನಿ ಕೇಳಿದ ಕೂಡಲೇ ಅತ್ತಿಗೆಯ ಕೈಗೆ ದಾಟಿಸಿಬಿಡುತ್ತೀಯ. ಕಾಗದವನ್ನು ಹಾಗೆ ಅರ್ಧಕ್ಕೆ ಕತ್ತರಿಸಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹರಿದು ಹಾಕಬೇಕೋ ಬೇಡವೋ ಎಂದು ತೀರ್ಮಾನಿಸುವುದಕ್ಕಾದರೂ ಒಮ್ಮೆ ಓದಲೇಬೇಕಲ್ಲ.

ವಿಷಯ ಕೆಲಸದ್ದೇ. ಜ್ವಾಲಾಮುಖಿಯ ದಕ್ಷಿಣದ ಮಗ್ಗುಲಲ್ಲಿ ಬಿಸಿನೀರಿನ ಬುಗ್ಗೆಗೆ ನಾವು ಇಳಿಸಿದ್ದ ಉಪಕರಣ ಹೋದ ತಿಂಗಳು ಮಣ್ಣು ಕುಸಿದು ಹೂತುಹೋಯಿತು. ಹೊಸದು ಬರಲು ಆರು ತಿಂಗಳಾದರೂ ಬೇಕು. ಅದೇ ಬಿರುಕಿನಿಂದ ನೀರು ಬರುವ ಇನ್ನೊಂದು ಜಾಗ ಇಡೀ ಊರಿನಲ್ಲಿ ಒಂದೇ, ನಿನ್ನ ಲಾಂಡ್ರಿಯ ತೊಟ್ಟಿ. ದಿನಾ ಬೆಳಿಗ್ಗೆ ಮೊದಲ ಬಟ್ಟೆ ನೆನೆಹಾಕುವ ಮುಂಚೆ ಈ ಥರ್ಮಾಮೀಟರನ್ನು ಎರಡು ನಿಮಿಷ ನೀರಿನಲ್ಲಿಟ್ಟು ಅಂಕಿ ಬರೆದಿಟ್ಟರೆ ಸಾಕು. ನಮ್ಮ ಜೀಪಿನ ಚಾಲಕ ಶನಿವಾರ ಶನಿವಾರ ಊರಿಗೆ ಬರುತ್ತಾನೆ, ಅವನ ಕೈಯಲ್ಲಿ ಕೊಡು.

ಹಳೆಯ ಮಾತು ಎತ್ತಬಾರದು ಅಂದುಕೊಂಡೇ ಬರೆಯಲು ಕುಳಿತೆ. ಎತ್ತದೆ ಹೋದರೆ ಇದು ಸರ್ಕಾರಿ ಅರ್ಜಿಯಾಗುತ್ತದೆ. ಹನ್ನೊಂದು ವರ್ಷದ ಹಿಂದೆ, ಊರು ಬಿಡಿ ಎಂಬ ಆದೇಶಕ್ಕೆ ಸಹಿ ಹಾಕಿದವಳು ನಾನು. ಮೂವತ್ತಮೂರು ದಿನ ಊರಿಗೆ ಊರೇ ಘಟ್ಟದಾಚೆಯ ಶಾಲೆಯ ಸಭಾಂಗಣದಲ್ಲಿ ನೆಲದ ಮೇಲೆ ಮಲಗಿತು. ಬೆಟ್ಟ ಸುಮ್ಮನೇ ಇತ್ತು. ಹತ್ತೊಂಬತ್ತನೆಯ ದಿನ ಅಮ್ಮ ಎದೆ ಕಟ್ಟಿ ತೀರಿಹೋದಳು. "ಬೆಟ್ಟ ಕೆಮ್ಮಲಿಲ್ಲ, ಕೆಮ್ಮಿದ್ದು ಅಮ್ಮ" ಎಂದು ನೀನು ಎಲ್ಲರೆದುರು ಹೇಳಿದೆ. ಅದನ್ನು ಹಿಂದಕ್ಕೆ ತೆಗೆದುಕೋ ಎನ್ನುತ್ತಿಲ್ಲ. ನೀರಿನ ಬಿಸಿ ಎಷ್ಟು ಎಂದು ಮಾತ್ರ ಕೇಳುತ್ತಿದ್ದೇನೆ.

ನಿನ್ನ ತಂಗಿ


ಮಾರ್ಚ್ 14, ಶನಿವಾರ

ವೀಕ್ಷಣಾಲಯದವರಿಗೆ,

ಭಾನುವಾರದಿಂದ ಇವತ್ತಿನವರೆಗೆ ಏಳು ದಿನ. ಏಳು ದಿನವೂ 41 ಡಿಗ್ರಿ.

ಥರ್ಮಾಮೀಟರ್ ಕಳಿಸುವ ಅಗತ್ಯವೇನೂ ಇರಲಿಲ್ಲ. ಮೂವತ್ತು ವರ್ಷದಿಂದ ಈ ನೀರಿನಲ್ಲಿ ಕೈ ಅದ್ದಿದವನು ನಾನು. ಮೊದಲು ಕೈ ಹಾಕಿ ಇಷ್ಟು ಅಂತ ಬಾಯಲ್ಲಿ ಹೇಳಿ ಆಮೇಲೆ ಗಾಜಿನಲ್ಲಿ ನೋಡಿದೆ. ಏಳಕ್ಕೆ ಏಳೂ ಸರಿ. ಪಕ್ಕದ ಬೇಕರಿಯವನು ಸಾಕ್ಷಿಗಿದ್ದ.

ಇದಕ್ಕೆ ಒಪ್ಪಿಕೊಂಡದ್ದು ನಿಮ್ಮ ಕಾಗದ ಓದಿ ಅಲ್ಲ. ಮನೆಯಲ್ಲಿ ಇಡೀ ದಿನ ಒಬ್ಬರು ಮುಖ ಊದಿಸಿಕೊಂಡು ಕೂತಿದ್ದರು.

ಲಾಂಡ್ರಿಯವನು

ಮುಖ ಊದಿಸಿಕೊಂಡವಳು ನಾನೇ. ನಿನ್ನಣ್ಣ ಅಂಕಿ ಬರೆಯುವ ಮುಂಚೆ ಕನ್ನಡಕ ಒರೆಸಿಕೊಂಡು ಮೂರು ಸಲ ನೋಡುತ್ತಾರೆ. ಅದನ್ನು ಬರೆಯಬೇಡ ಅಂದಿದ್ದಾರೆ, ಅದಕ್ಕೇ ಬರೆದೆ. ನನ್ನದೊಂದು ಪ್ರಶ್ನೆ ಇದೆ. ಕಲ್ಲು ಕರಗುವಷ್ಟು ಬೆಂಕಿ ನೆಲದೊಳಗೆ ಎಲ್ಲಿಂದ ಬರುತ್ತದೆ? ಇಷ್ಟು ವರ್ಷ ಬೆಟ್ಟದ ಬುಡದಲ್ಲೇ ಬಾಳಿದ್ದೇನೆ, ಯಾರೂ ಹೇಳಿಲ್ಲ. — ಅತ್ತಿಗೆ


ವೀಕ್ಷಣಾಲಯ
ಮಾರ್ಚ್ 18, ಬುಧವಾರ

ಅಣ್ಣನಿಗೆ, ಅತ್ತಿಗೆಗೆ,

ಅಂಕಿಗಳು ಸಿಕ್ಕಿದವು. ಕೋಷ್ಟಕಕ್ಕೆ ಏರಿಸಿದೆ.

ಅತ್ತಿಗೆ, ಅದು ಬೆಂಕಿಯೇ ಅಲ್ಲ. ಸಮುದ್ರದ ತಳದ ಕಲ್ಲುಹಾಸು ನಮ್ಮ ನೆಲದ ಅಡಿಗೆ ತೂರಿಕೊಳ್ಳುತ್ತಾ ಇರುತ್ತದೆ, ವರ್ಷಕ್ಕೆ ನಮ್ಮ ಉಗುರು ಬೆಳೆಯುವಷ್ಟು ದೂರ. ಹೋಗುವಾಗ ತನ್ನೊಳಗೆ ಸಮುದ್ರದ ನೀರನ್ನೂ ಹೊತ್ತುಕೊಂಡೇ ಹೋಗುತ್ತದೆ. ಸುಮಾರು ನೂರು ಕಿಲೋಮೀಟರ್ ಆಳಕ್ಕೆ ಇಳಿದ ಮೇಲೆ ಮೇಲಿನ ಭಾರಕ್ಕೆ, ಒಳಗಿನ ಕಾವಿಗೆ ಆ ನೀರು ಹಿಂಡಿಕೊಂಡು ಹೊರಬರುತ್ತದೆ. ಅಲ್ಲಿನ ಕಲ್ಲು ಮೊದಲೇ ಕೆಂಡದಂತೆ ಕಾದಿರುತ್ತದೆ, ಆದರೂ ಕರಗಿರುವುದಿಲ್ಲ. ನೀರು ತಾಗಿದಾಗ ಅದೇ ಕಾವಿಗೆ ಕರಗತೊಡಗುತ್ತದೆ. ಒಣಗಿದ ಕಲೆಯನ್ನು ಅಣ್ಣ ಎಷ್ಟು ಉಜ್ಜಿದರೂ ಬಿಡುವುದಿಲ್ಲ, ನೆನೆಹಾಕಿಟ್ಟರೆ ತಾನಾಗಿ ಸಡಿಲವಾಗುತ್ತದಲ್ಲ, ಹೆಚ್ಚುಕಡಿಮೆ ಹಾಗೆ.

ಹೀಗೆ ಕರಗಿದ್ದನ್ನು ಶಿಲಾಪಾಕ ಅನ್ನುತ್ತೇವೆ. ಸುತ್ತಲಿನ ಕಲ್ಲಿಗಿಂತ ಹಗುರ, ಆದ್ದರಿಂದ ಮೇಲೇರುತ್ತದೆ. ಅಲ್ಲಲ್ಲಿ ತಂಗುತ್ತದೆ. ಅದರೊಳಗೆ ಕರಗಿಕೊಂಡಿರುವ ಅನಿಲ, ಮೇಲಿನ ಒತ್ತಡ ಕಡಿಮೆಯಾದಂತೆ ಗುಳ್ಳೆಯಾಗುತ್ತದೆ, ಸೋಡಾ ಬಾಟಲಿ ತೆರೆದಾಗ ಆಗುವಂತೆ. ಪಾಕ ತೆಳ್ಳಗಿದ್ದರೆ ಗುಳ್ಳೆ ಸಲೀಸಾಗಿ ಹೊರಗೆ ಹೋಗುತ್ತದೆ. ನಮ್ಮ ಬೆಟ್ಟದ್ದು ಮಂದ ಪಾಕ. ಗುಳ್ಳೆ ಒಳಗೇ ಸಿಕ್ಕಿಬೀಳುತ್ತದೆ, ಸಿಡಿಯುತ್ತದೆ.

ಅಣ್ಣ, ಕನ್ನಡಕದ ವಿಷಯ ನಾನು ಓದಲೇ ಇಲ್ಲ ಅಂದುಕೋ.

ತಂಗಿ


ಏಪ್ರಿಲ್ 11, ಶನಿವಾರ

ವೀಕ್ಷಣಾಲಯದ ತಂಗಿಗೆ,

ಈ ವಾರ ಐದು ದಿನ 41. ನಿನ್ನೆ, ಇವತ್ತು 41 ಮತ್ತು ಅರ್ಧ.

ನೀರು ಕಲ್ಲನ್ನು ಕರಗಿಸುತ್ತದೆ ಅಂತ ನೀನು ಬರೆದದ್ದನ್ನು ಬೇಕರಿಯವನಿಗೆ ಓದಿ ಹೇಳಿದೆ. ಅವನಿಗೆ ನಂಬಿಕೆ ಬರಲಿಲ್ಲ. ನನಗೆ ಬಂತು. ನೆನೆಹಾಕುವುದರ ಬೆಲೆ ಒಗೆಯುವವನಿಗೆ ಗೊತ್ತು.

ಇಲ್ಲಿ ಒಂದು ತಲೆನೋವು. ಸೋಪು ಮಾರುವವನು ಯಾವುದೋ ಕಳಪೆ ಮಾಲು ತಂದು ನನ್ನ ತಲೆಗೆ ಕಟ್ಟಿದ್ದಾನೆ. ಎಷ್ಟು ಉಜ್ಜಿದರೂ ನೊರೆ ಬರುವುದಿಲ್ಲ, ಮೊಸರು ಒಡೆದ ಹಾಗೆ ಚೂರುಚೂರಾಗಿ ತೇಲುತ್ತದೆ. ವಾಪಸ್ ಕೊಡಲು ಹೋದರೆ "ಬೇರೆ ಯಾರೂ ದೂರು ಹೇಳಿಲ್ಲ, ನಿಮಗೊಬ್ಬರಿಗೇ ಏನಾಯ್ತು" ಅಂತ ನನ್ನನ್ನೇ ದಬಾಯಿಸಿದ.

ಇನ್ನೊಂದು ಕೇಳಬೇಕು. ಜಗಳಕ್ಕಲ್ಲ. ಹನ್ನೊಂದು ವರ್ಷದ ಹಿಂದೆ ನೆಲದೊಳಗೆ ನಿಜವಾಗಿ ಏನಾದರೂ ಬಂದಿತ್ತೇ, ಅಥವಾ ಇಲ್ಲವೇ?

ಅಣ್ಣ


ವೀಕ್ಷಣಾಲಯ
ಏಪ್ರಿಲ್ 15, ಬುಧವಾರ

ಅಣ್ಣ,

ಈ ಪ್ರಶ್ನೆಯನ್ನು ನೀನು ಕೇಳಲಿ ಎಂದು ಇಷ್ಟು ವರ್ಷ ಕಾದಿದ್ದೆ. ಈಗ ಕೇಳಿದ್ದೀಯ, ಪೆನ್ನು ಹಿಡಿದು ಒಂದು ಗಂಟೆಯಿಂದ ಕೂತಿದ್ದೇನೆ.

ಬಂದಿತ್ತು. ಹದಿನೈದು ಕಿಲೋಮೀಟರ್ ಆಳದಿಂದ ಏರುತ್ತಾ ಏರುತ್ತಾ ಐದು ಕಿಲೋಮೀಟರಿನವರೆಗೆ ಬಂತು. ದಿನಕ್ಕೆ ನೂರಾರು ಸಣ್ಣ ಕಂಪನ, ಬೆಟ್ಟದ ಹೆಗಲು ಅಂಗೈ ಅಗಲದಷ್ಟು ಉಬ್ಬಿತ್ತು. ಆಮೇಲೆ ನಿಂತುಬಿಟ್ಟಿತು. ಯಾಕೆ ನಿಂತಿತು ಎಂದು ಈಗಲೂ ಖಚಿತವಾಗಿ ಹೇಳಲಾರೆ. ಸಿಡಿದಿದ್ದರೆ ಎಲ್ಲರಿಗೂ ಕಾಣುತ್ತಿತ್ತು. ನಿಂತದ್ದನ್ನು ಯಾರಿಗೂ ತೋರಿಸಲು ಆಗುವುದಿಲ್ಲ. ಊರಿನವರ ಪಾಲಿಗೆ ಅದು ಬರಲೇ ಇಲ್ಲ.

ಅದು ಈಗಲೂ ಅಲ್ಲೇ ಇದೆ. ಆರುತ್ತಾ ಇನ್ನಷ್ಟು ಮಂದವಾಗುತ್ತಾ ಕೂತಿದೆ. ಅದರಷ್ಟಕ್ಕೆ ಅದು ಏನೂ ಮಾಡುವುದಿಲ್ಲ. ಆಳದಿಂದ ಹೊಸ ಬಿಸಿ ಪಾಕ ಬಂದು ಅದರ ಅಡಿಗೆ ಸೇರಿದರೆ ಮಾತ್ರ ಹಳೆಯದು ಕದಡುತ್ತದೆ.

ಅರ್ಧ ಡಿಗ್ರಿಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಬಿಸಿಲು ಜಾಸ್ತಿಯಾಗಿದೆ. ಬರೆಯುತ್ತಿರು.

ತಂಗಿ


ಮೇ 9, ಶನಿವಾರ

ತಂಗಿಗೆ,

ಏಳು ದಿನವೂ 41. ಹೋದ ಮೂರು ವಾರದ್ದೂ ಅಷ್ಟೇ ಅಂತ ನಿನಗೆ ಗೊತ್ತಿದೆ.

ಈ ವರ್ಷ ನನ್ನ ಗ್ರಹಚಾರವೇ ಸರಿಯಿಲ್ಲ. ಸೋಪು ಬದಲಾಯಿಸಿದೆ, ಅದೂ ಹಾಗೇ. ಡಾಕ್ಟರ ಬಿಳಿ ಕೋಟುಗಳು ಎರಡು ಒಗೆತಕ್ಕೆ ಹಳದಿ ತಿರುಗಿದವು. ಅವರು ಕೋಟನ್ನು ಬೆಳಕಿಗೆ ಹಿಡಿದು ನನ್ನ ಮುಖ ನೋಡಿದರು. ಬೈದಿದ್ದರೇ ವಾಸಿಯಿತ್ತು. ಬಟ್ಟೆ ಒಣಹಾಕುವ ತಂತಿ ಬೇರೆ ಈ ತಿಂಗಳಲ್ಲಿ ಎರಡು ಸಲ ತುಂಡಾಯಿತು. ನಾನು ಬಿಗಿ ಮಾಡಿರಲಿಲ್ಲ, ತಾನೇ ಬಿಗಿಯಾಗಿ ಟಣ್ ಅಂತ ಹರಿಯಿತು. ತಂತಿ ಮಾರುವವನ ಹತ್ತಿರ ಹೋಗಿ ಬಾಯಿಗೆ ಬಂದ ಹಾಗೆ ಅಂದು ಬಂದೆ. ಆಮೇಲೆ ಪಾಪ ಅನ್ನಿಸಿತು.

ಕದಡುವ ವಿಷಯ ಬರೆದಿದ್ದೀಯಲ್ಲ, ಅದನ್ನು ಎರಡು ಮೂರು ಸಲ ಓದಿದೆ.

ಅಣ್ಣ


ವೀಕ್ಷಣಾಲಯ
ಮೇ 20, ಬುಧವಾರ, ಬೆಳಿಗ್ಗೆ

ಅಣ್ಣ,

ಈ ಕಾಗದ ತಂದ ಚಾಲಕ ನಿನ್ನ ಉತ್ತರ ತೆಗೆದುಕೊಂಡೇ ಹೊರಡುತ್ತಾನೆ. ಅವನಿಗೆ ಕೂರಲು ಕುರ್ಚಿ ಕೊಟ್ಟು ನಿಧಾನವಾಗಿ ಓದು.

ಹತ್ತು ದಿನದಿಂದ ಕಂಪನಗಳು ಹೆಚ್ಚಿವೆ. ಬುಗ್ಗೆಯ ನೀರು ಹೇಗಿದೆ ಎಂದು ಸೋಮವಾರದ ಸಭೆಯಲ್ಲಿ ಕೇಳಿದರು. ಸ್ಥಿರವಾಗಿದೆ, 41 ಎಂದೆ. ನಿನ್ನೆ ಯಾವುದೋ ತಾರೀಕು ಹುಡುಕಲು ನಿನ್ನ ಕಾಗದಗಳ ಕಟ್ಟು ಬಿಚ್ಚಿದವಳು ಎಲ್ಲವನ್ನೂ ಒಟ್ಟಿಗೆ ಓದಿದೆ. ಸೋಪಿನಲ್ಲಿ ನೊರೆ ಬರುವುದಿಲ್ಲ, ಒಡೆಯುತ್ತದೆ. ಬಿಳಿ ಬಟ್ಟೆ ಹಳದಿಯಾಗುತ್ತದೆ. ತಂತಿ ತಾನೇ ಬಿಗಿಯಾಗಿ ಹರಿಯುತ್ತದೆ.

ಸೋಪಿನವನದ್ದೂ ತಪ್ಪಿಲ್ಲ, ತಂತಿಯವನದ್ದೂ ತಪ್ಪಿಲ್ಲ. ಶಿಲಾಪಾಕ ಏರುವಾಗ ಅದರ ಅನಿಲ ಅದಕ್ಕಿಂತ ಮುಂಚೆ ಬಂದು ನೀರಿಗೆ ಸೇರಿ ನೀರನ್ನು ಹುಳಿ ಮಾಡುತ್ತದೆ. ಹುಳಿನೀರಿನಲ್ಲಿ ಸೋಪು ಒಡೆಯುತ್ತದೆ, ಅದು ಕಲ್ಲಿನಿಂದ ಕರಗಿಸಿ ತಂದ ಕಬ್ಬಿಣ ಬಿಳಿ ಬಟ್ಟೆಗೆ ಹಳದಿ ಹಿಡಿಸುತ್ತದೆ. ನೆಲ ಉಬ್ಬಿ ಹಿಗ್ಗಿದರೆ ನಿನ್ನ ತಂತಿಯ ಕಂಬಗಳು ಒಂದರಿಂದ ಒಂದು ದೂರ ಸರಿಯುತ್ತವೆ. ಇಷ್ಟೆಲ್ಲ ಆಗಿ ನೀರು ಮಾತ್ರ 41ರಲ್ಲೇ ಇರುವುದು ಹೇಗೆ? ಅಣ್ಣ, ಬಿಸಿಯನ್ನು ಹೇಗೆ ನೋಡುತ್ತಿದ್ದೀಯ?

ಬೈಯುವುದಕ್ಕೆ ಕೇಳುತ್ತಿಲ್ಲ. ನನ್ನ ತಪ್ಪನ್ನೇ ಮೊದಲು ಹೇಳಿಬಿಡುತ್ತೇನೆ. ನಿನ್ನ ಕಾಗದದಿಂದ ಅಂಕಿ ಮಾತ್ರ ಎತ್ತಿಕೊಂಡು ಉಳಿದದ್ದನ್ನು ಅಣ್ಣನ ಗೊಣಗಾಟ ಎಂದು ಮಡಚಿಟ್ಟೆ. 41 ಎಂದು ಓದಿದಾಗಲೆಲ್ಲ ಹೊಟ್ಟೆ ತಣ್ಣಗಾಗುತ್ತಿತ್ತು. ಇನ್ನೊಂದು ಸಲ ಸಹಿ ಹಾಕುವ ದಿನ ನನ್ನ ಬಾಳಿನಲ್ಲಿ ಬರಬಾರದು ಎಂದು ನಾನು ಆಸೆಪಟ್ಟಿದ್ದೆ, ನಿನ್ನ 41 ಆ ಆಸೆಗೆ ಸರಿಹೋಯಿತು.

ಹೊಸ ಥರ್ಮಾಮೀಟರ್ ಇದೆ. ಕಾಗದದ ಪಟ್ಟಿ ಇದೆ, ತೊಟ್ಟಿಯಲ್ಲಿ ಅದ್ದಿ ಬಣ್ಣ ನೋಡು, ಹುಳಿಯಿದ್ದರೆ ಕೆಂಪಾಗುತ್ತದೆ. ಕಂಬಗಳ ನಡುವಿನ ದೂರ ಅಳೆದು ಬರೆ.

ತಂಗಿ


ಮೇ 20, ಮಧ್ಯಾಹ್ನ

ತಂಗಿಗೆ,

ನೀರು 48 ಮತ್ತು ಅರ್ಧ. ಮೂರು ಸಲ ನೋಡಿದೆ. ಪಟ್ಟಿ ಕೆಂಪಾಯಿತು. ಕಂಬಗಳನ್ನು ನಾನೇ ಟೇಪು ಹಿಡಿದು ನಲವತ್ತು ಮೀಟರಿಗೆ ನೆಟ್ಟವನು. ಈಗ ಆರು ಸೆಂಟಿಮೀಟರ್ ಹೆಚ್ಚಿದೆ.

ಏಪ್ರಿಲ್ ಹದಿಮೂರಕ್ಕೆ ನಿನ್ನ ಥರ್ಮಾಮೀಟರ್ ಒಡೆಯಿತು. ಏಪ್ರನ್ ಜೇಬಿನಲ್ಲಿ ಮರೆತು ಏಪ್ರನ್ನನ್ನೇ ಹಿಂಡುವ ಉರುಳೆಗೆ ಕೊಟ್ಟೆ. ನಿನಗೆ ಹೇಳಲಿಲ್ಲ. ಒಂದು ಗಾಜಿನ ಕೊಳವೆ ಜೋಪಾನ ಮಾಡಲು ಬರಲಿಲ್ಲ ಅಂತ ನಿನ್ನ ಹತ್ತಿರ ಅನ್ನಿಸಿಕೊಳ್ಳುವುದು ಬೇಡವಾಗಿತ್ತು. ಕೈ ಇದೆಯಲ್ಲ ಅಂದುಕೊಂಡೆ. ಅಷ್ಟು ದಿನ ಕೈಯೂ ಗಾಜೂ ಒಂದೇ ಹೇಳಿದ್ದವು.

ಆದರೆ ನೀರು ಒಂದೇ ಸಲ ಏರಿದ್ದರೆ ಕೈಗೆ ಗೊತ್ತಾಗುತ್ತಿತ್ತು. ದಿನಕ್ಕೆ ಇಷ್ಟಿಷ್ಟೇ ಏರಿತು, ನನ್ನ ಕೈಯೂ ಅದರ ಜೊತೆಗೇ ಏರಿತು. ನಿನ್ನೆಯ ಹಾಗೇ ಇದೆ ಅನ್ನಿಸಿದರೆ 41 ಅಂತ ಬರೆದೆ, ದಿನಾ ನಿನ್ನೆಯ ಹಾಗೇ ಇತ್ತು. ಹದಿನೈದು ದಿನದ ಹಿಂದೆ ನಿನ್ನತ್ತಿಗೆ "ನೀರು ಸುಡ್ತಾ ಇದೆ ಕಣ್ರೀ" ಅಂದಳು. "ನಿನ್ನ ಕೈ ಮೆತ್ತಗಾಗಿದೆ" ಅಂತ ಅವಳ ಬಾಯಿ ಮುಚ್ಚಿಸಿದೆ. ಈಗ ಅಂಕಿ ತೋರಿಸಿದೆ. ಅವಳು ಅದನ್ನು ನೋಡಿ ಚಾಲಕನಿಗೆ ಟೀ ಕೊಟ್ಟಳು.

ಮೂವತ್ತು ವರ್ಷ ಈ ಕೈಯನ್ನು ನಂಬಿದೆ. ನನಗೆ ತುಂಬಾ ನಾಚಿಕೆಯಾಗುತ್ತಿದೆ.

ಅಣ್ಣ


ವೀಕ್ಷಣಾಲಯ
ಮೇ 21, ಗುರುವಾರ

ಅಣ್ಣ,

ನಾಳೆ ಹನ್ನೊಂದು ಗಂಟೆಗೆ ಊರಿನ ಪಂಚಾಯಿತಿ ಕಟ್ಟಡದಲ್ಲಿ ಸಭೆ. ಊರಿನವರೂ ಇರುತ್ತಾರೆ. ನಮ್ಮ ಹಿರಿಯ ವಿಜ್ಞಾನಿಗಳಲ್ಲಿ ಮೂವರು ಇನ್ನೂ ಕಾಯೋಣ ಅನ್ನುತ್ತಿದ್ದಾರೆ. ಕಂಪನಗಳನ್ನಷ್ಟೇ ನೋಡಿದರೆ ಅವರ ಮಾತಿನಲ್ಲೂ ಹುರುಳಿದೆ. ನಿನ್ನ ಕಾಗದಗಳನ್ನು ಪಕ್ಕದಲ್ಲಿಟ್ಟರೆ ಮಾತ್ರ ಮಾರ್ಚಿನಿಂದ ಏನೇನು ಆಯಿತೆಂದು ಸಾಲಾಗಿ ಕಾಣುತ್ತದೆ. ಆದರೆ ಸಭೆಯಲ್ಲಿ ಓದಿದರೆ ಪೂರ್ತಿ ಓದಬೇಕು, ಕೈಯ ವಿಷಯವೂ ಸೇರಿ. ಬೇಡ ಅಂದರೆ ಕಾಗದದ ಮಾತೇ ಎತ್ತುವುದಿಲ್ಲ, ನಿನ್ನೆಯ ಅಂಕಿ ಮಾತ್ರ ಹೇಳುತ್ತೇನೆ.

ನನಗೆ ಯಾವುದರ ಭಯ ಎಂದು ನಿನಗೆ ಗೊತ್ತಿರಲಿ. ಲಾವಾರಸದ್ದಲ್ಲ. ಅದು ನಿಧಾನ, ಅದರ ಮುಂದೆ ನಡೆದುಕೊಂಡೇ ಪಾರಾಗಬಹುದು. ಮಂದ ಪಾಕ ಸಿಡಿದಾಗ ಬೂದಿ, ಕಲ್ಲು, ಸುಡುವ ಅನಿಲ ಎಲ್ಲ ಕಲೆತು ಬೆಟ್ಟದಿಂದ ಒಂದೇ ಪ್ರವಾಹವಾಗಿ ಇಳಿಯುತ್ತದೆ. ಯಾವ ವಾಹನಕ್ಕೂ ಅದರಷ್ಟು ವೇಗವಿಲ್ಲ. ಅದು ಹೊರಟ ಮೇಲೆ ಓಡುವುದು ಅನ್ನುವುದೇ ಇಲ್ಲ, ಹೊರಡುವ ಮುಂಚೆಯೇ ನಾವು ಅಲ್ಲಿರಬಾರದು. ಹಳ್ಳದ ದಾರಿಯಲ್ಲಿ ಅದು ಇಳಿದರೆ ಮೊದಲು ಸಿಗುವ ಕಟ್ಟಡ ನಿನ್ನ ಲಾಂಡ್ರಿ.

ಮತ್ತೆ ಅದೇ ಸಭಾಂಗಣಕ್ಕೆ ಹೋಗಿ ಎಂದು ನಿನಗೆ ಹೇಳಬೇಕಾಗಿದೆ. ಅಮ್ಮ ಮಲಗಿದ್ದ ಜಾಗಕ್ಕೆ. ಈ ಸಾಲನ್ನು ಮೂರು ಸಲ ಹೊಡೆದುಹಾಕಿ ಬರೆದಿದ್ದೇನೆ, ಕಾಗದ ನೋಡಿದರೆ ತಿಳಿಯುತ್ತದೆ.

ತಂಗಿ


ಮೇ 21, ಸಂಜೆ

ತಂಗಿಗೆ,

ನೀನು ಓದಬೇಡ. ನಾನೇ ಬಂದು ಓದುತ್ತೇನೆ. ನನ್ನ ಅಕ್ಷರ ಬಿಡಿಸುವುದು ನಿನಗೆ ಮೊದಲಿನಿಂದಲೂ ಕಷ್ಟ.

ಇವತ್ತು ಬೆಳಿಗ್ಗೆ 49.

ಅಣ್ಣ


ಶಿಬಿರ, ಶಾಲೆಯ ಸಭಾಂಗಣ
ಮೇ 27, ಬುಧವಾರ

ಪ್ರೀತಿಯ ನಾದಿನಿಗೆ ಅತ್ತಿಗೆ ಬರೆಯುವುದು,

ಎಲ್ಲರೂ ಬಂದು ಸೇರಿ ಮೂರು ದಿನವಾಯಿತು. ನೀನು ಸಭೆ ಮುಗಿದ ಕೂಡಲೇ ಬೆಟ್ಟಕ್ಕೆ ಹೊರಟುಹೋದೆ, ಆದ್ದರಿಂದ ಆಮೇಲಿನದು ನಿನಗೆ ಗೊತ್ತಿಲ್ಲ. ಕೈಯ ವಿಷಯ ಓದುವಾಗ ಹಿಂದಿನ ಸಾಲಿನಲ್ಲಿ ಬೇಕರಿಯವನು ಕಿಸಕ್ಕನೆ ನಕ್ಕದ್ದು ನಿನಗೂ ಕೇಳಿಸಿರಬೇಕು. ಹೊರಗೆ ಬಂದ ಮೇಲೆ ಅದೇ ಮನುಷ್ಯ ಇವರ ಹತ್ತಿರ ಬಂದು "ನೀನು ಯಾವತ್ತು ಹೊರಡ್ತೀಯ?" ಅಂತ ಕೇಳಿದ. "ಭಾನುವಾರ ಬೆಳಿಗ್ಗೆ, ಮೊದಲನೇ ಗಾಡಿ" ಅಂದರು ಇವರು. "ಹಾಗಾದ್ರೆ ನಾನೂ" ಅಂದ ಅವನು. ಹೋದ ಸಲ ತಾಯಿಯನ್ನು ಕಳೆದುಕೊಂಡ ಇವರೇ ಹೊರಟ ಮೇಲೆ ಉಳಿದವರು ಏನು ಹೇಳುತ್ತಾರೆ?

ಒಂದು ವಿಚಿತ್ರ ಕೇಳು. ಗಾಡಿ ತುಂಬುವಾಗ ಇವರು ಇಸ್ತ್ರಿಪೆಟ್ಟಿಗೆ ಬಿಟ್ಟರು, ಉರುಳೆ ಬಿಟ್ಟರು. ಆಸ್ಪತ್ರೆಯವರು ಒಗೆಯಲು ಕೊಟ್ಟಿದ್ದ ದಪ್ಪ ಕಂಬಳಿಗಳಿದ್ದವು, ನಲವತ್ತು. ಅವರನ್ನು ಕೇಳಿ ಒಪ್ಪಿಸಿ ಅಷ್ಟನ್ನೂ ಹೇರಿದರು. "ಈ ಬಿಸಿಲಲ್ಲಿ ಕಂಬಳಿ ಯಾಕ್ರೀ?" ಅಂದೆ. ಹಗ್ಗ ಬಿಗಿದು ಗಾಡಿ ಹತ್ತಿದರು. ಇಲ್ಲಿ ಬಂದು ವಯಸ್ಸಾದವರಿಗೆಲ್ಲ ತಲೆಗೆ ಎರಡರಂತೆ ಹಂಚಿದರು. ಬೆಳಗಿನ ಜಾವ ಇಲ್ಲಿ ಸಿಮೆಂಟು ನೆಲ ಕೊರೆಯುತ್ತದೆ ಅನ್ನುವುದು ನನಗೆ ಮರೆತೇಹೋಗಿತ್ತು. ಇವರಿಗೆ ಮರೆತಿರಲಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬರೀ ಬೆಟ್ಟ ನೋಡುತ್ತಾ ಕೂರಬೇಡ.

ಅತ್ತಿಗೆ


ವೀಕ್ಷಣಾಲಯ
ಜೂನ್ 14, ಭಾನುವಾರ

ಅಣ್ಣ,

ಇಪ್ಪತ್ತೊಂದು ದಿನ ಕಳೆಯಿತು. ಹೋದ ವಾರ ಹತ್ತೊಂಬತ್ತನೆಯ ದಿನ ಅತ್ತಿಗೆಗೆ ಫೋನ್ ಮಾಡಿ, ಎಲ್ಲರೂ ಚೆನ್ನಾಗಿದ್ದೀರಾ ಎಂದು ಕೇಳಲು ಬಾಯಿ ಬಾರದೆ, ಏನೋ ಹವಾಮಾನದ ಮಾತಾಡಿ ಇಟ್ಟೆ. ಅವಳಿಗೆ ಅರ್ಥವಾಗಿರುತ್ತದೆ.

ಐದು ದಿನದಿಂದ ಬೆಟ್ಟ ಶಾಂತವಾಗಿದೆ. ಕಂಪನ ಕಡಿಮೆ, ಅನಿಲವೂ ಕಡಿಮೆ. ಜನರನ್ನು ವಾಪಸ್ ಕಳಿಸಿ ಎಂದು ಮೇಲಿನವರ ಒತ್ತಾಯ. ಶಿಬಿರದಲ್ಲೂ ಗೊಣಗಾಟ ಶುರುವಾಗಿದೆ ಎಂದು ಚಾಲಕ ಹೇಳಿದ. ಬುಧವಾರದೊಳಗೆ ನಾನು ಬರೆದುಕೊಡಬೇಕು, ಇರಬೇಕೋ ಹೋಗಬೇಕೋ ಎಂದು.

ಶಾಂತಿಗೆ ಎರಡು ಅರ್ಥ ಇರಬಹುದು. ಹೋದ ಸಲದಂತೆ ಪಾಕ ನಿಂತುಹೋಗಿರಬಹುದು. ಇಲ್ಲವೇ ಅನಿಲ ಹೊರಬರುವ ದಾರಿ ಕಟ್ಟಿಕೊಂಡು ಒಳಗೆ ಒತ್ತಡ ಏರುತ್ತಿರಬಹುದು. ನೆಲದ ಉಬ್ಬು ಇಳಿದಿಲ್ಲ, ಆದ್ದರಿಂದ ಎರಡನೆಯದೇ ಇರಬೇಕೆಂದು ನನ್ನ ಬುದ್ಧಿ ಹೇಳುತ್ತದೆ. ಹೋದ ಸಲವೂ ನನ್ನ ಬುದ್ಧಿ ಹೀಗೇ ಏನೋ ಹೇಳಿತ್ತು. ನಿಜ ಹೇಳಬೇಕೆಂದರೆ ನನಗೆ ಗೊತ್ತಿಲ್ಲ ಅಣ್ಣ. ಇದನ್ನು ಇಲ್ಲಿ ಯಾರ ಹತ್ತಿರವೂ ಹೇಳುವಂತಿಲ್ಲ, ನಿನ್ನ ಹತ್ತಿರ ಹೇಳಿದೆ.

ತಂಗಿ


ಶಿಬಿರ
ಜೂನ್ 15, ಸೋಮವಾರ

ತಂಗಿಗೆ,

ನಿನ್ನ ಕಾಗದ ಓದಿದೆ. ನಿನಗೆ ಸೇರಬೇಕಾದ ಒಂದು ಮಾತು ಹನ್ನೊಂದು ವರ್ಷದಿಂದ ನನ್ನ ಹತ್ತಿರ ಇದೆ. ಇವತ್ತು ಕೊಟ್ಟುಬಿಡುತ್ತೇನೆ.

ಇದೇ ಸಭಾಂಗಣ, ಮೂರನೆಯ ಕಿಟಕಿಯ ಕೆಳಗೆ. ಅಮ್ಮ ಹೋಗುವ ಹಿಂದಿನ ದಿನ, ಮಧ್ಯಾಹ್ನ. ಕೆಮ್ಮು ಸ್ವಲ್ಪ ಕಡಿಮೆಯಾಗಿತ್ತು. ನಾನು ನಿನ್ನನ್ನು ಬೈಯುತ್ತಿದ್ದೆ, ಅವಳು ಕೇಳಿಸಿಕೊಳ್ಳುತ್ತಾ ಮಲಗಿದ್ದಳು. ಎಲ್ಲ ಮುಗಿದ ಮೇಲೆ ಹೇಳಿದಳು, "ಮುಂದಿನ ಸಲ ಗುಬ್ಬಿ ಕರೆದಾಗ ದಪ್ಪ ಕಂಬಳಿ ಎರಡು ತರಬೇಕು ಕಣೋ. ಈ ನೆಲ ತುಂಬಾ ತಣ್ಣಗಿದೆ."

ಅಷ್ಟೇ. ನಿನ್ನನ್ನು ಕ್ಷಮಿಸಿದೆ ಅಂತಲೂ ಅನ್ನಲಿಲ್ಲ. ಅವಳ ಮನಸ್ಸಿನಲ್ಲಿ ಕ್ಷಮಿಸುವಂಥದ್ದು ಏನೂ ಇರಲಿಲ್ಲ. ನೀನು ಇನ್ನೊಂದು ಸಲ ಕರೆಯುತ್ತೀಯ, ತಾನು ಇನ್ನೊಂದು ಸಲ ಬರುತ್ತೇನೆ ಅಂತಲೇ ಲೆಕ್ಕ ಹಾಕಿದ್ದಳು. ಯೋಚನೆಯೆಲ್ಲ ಕಂಬಳಿಯದ್ದು.

ಇದನ್ನು ನಿನಗೆ ಹೇಳಿದ್ದರೆ ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಜಾಗ ಉಳಿಯುತ್ತಿರಲಿಲ್ಲ. ಆ ಸಿಟ್ಟು ಇಲ್ಲದೆ ಆಗ ನನಗೆ ಅಮ್ಮನಿಲ್ಲದ ಮನೆಗೆ ಹೋಗಲು ಆಗುತ್ತಿರಲಿಲ್ಲ. ಅದಕ್ಕೇ ಬಚ್ಚಿಟ್ಟೆ. ದೊಡ್ಡ ತಪ್ಪು ಮಾಡಿದೆ. ಗುಬ್ಬಿ ಅಂತ ನಿನ್ನನ್ನು ಕರೆಯುತ್ತಿದ್ದವಳು ಅವಳೊಬ್ಬಳೇ, ಆ ಹೆಸರನ್ನೂ ಅದರ ಜೊತೆಗೇ ಕಟ್ಟಿಟ್ಟೆ.

ಬುಧವಾರ ಏನು ಬರೆಯಬೇಕೋ ಅದು ನಿನ್ನ ಕೆಲಸ, ನನಗೆ ತಿಳಿಯುವುದಿಲ್ಲ. ನಾನು ಹೇಳುವುದು ಇಷ್ಟೇ. ಬೆಟ್ಟ ಸಿಡಿದರೆ ನಿನ್ನ ಮೇಲೆ ಪ್ರೀತಿ, ಸಿಡಿಯದಿದ್ದರೆ ಸಿಟ್ಟು ಅನ್ನುವ ವ್ಯವಹಾರ ಇನ್ನು ನಮ್ಮಲ್ಲಿಲ್ಲ. ಇಲ್ಲಿ ವಯಸ್ಸಾದವರಿಗೆಲ್ಲ ಕಂಬಳಿ ಇದೆ. ಇನ್ನೊಂದು ತಿಂಗಳು ಇರಿ ಅಂದರೆ ಇರುತ್ತೇವೆ.

ಅಣ್ಣ


ವೀಕ್ಷಣಾಲಯ
ಜೂನ್ 21, ಭಾನುವಾರ

ಅಣ್ಣ,

ಗುರುವಾರ ನಡೆದದ್ದನ್ನು ನೀವೆಲ್ಲ ದೂರದಿಂದ ನೋಡಿದ್ದೀರಿ. ಹತ್ತಿರದ್ದು ನಾನು ಬರೆಯುತ್ತೇನೆ.

ಬುಧವಾರ ಹತ್ತು ಗಂಟೆಗೆ "ಯಾರನ್ನೂ ವಾಪಸ್ ಕಳಿಸುವಂತಿಲ್ಲ" ಎಂದು ಬರೆದು ಸಹಿ ಹಾಕಿದೆ. ನಿನ್ನ ಕಾಗದದಿಂದ ನನ್ನ ಅಂಕಿಗಳೇನೂ ಬದಲಾಗಿರಲಿಲ್ಲ. ಗೊತ್ತಿಲ್ಲದ್ದು ಗೊತ್ತಿಲ್ಲದೇ ಉಳಿದಿತ್ತು. ಈ ಸಲ ಮಾತ್ರ ಒಂದು ಅಕ್ಷರವನ್ನೂ ಹೊಡೆದುಹಾಕಲಿಲ್ಲ.

ಗುರುವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಬೆಟ್ಟದ ದಕ್ಷಿಣದ ಹೆಗಲು ಬಿರಿಯಿತು. ಬೂದಿಯ ಕಂಬ ಎದ್ದಿತು, ಅದರ ಬುಡದಿಂದ ಪ್ರವಾಹ ಹಳ್ಳ ಹಿಡಿದು ಇಳಿಯಿತು. ನಾವು ಗಡಿಯಾರ ನೋಡುತ್ತಿದ್ದೆವು. ನಿನ್ನ ಲಾಂಡ್ರಿ ಮುಟ್ಟಲು ನಾಲ್ಕು ನಿಮಿಷ ತೆಗೆದುಕೊಂಡಿತು. ನೀನು ಉರುಳೆಗೆ ಬಟ್ಟೆ ಕೊಡುವ ಹೊತ್ತು ಅದು. ಈಗ ಅಲ್ಲಿ ಚಿಮಣಿಯ ತುದಿ ಮಾತ್ರ ಕಾಣುತ್ತದೆ. ಬೇಕರಿ ಇಲ್ಲ. ಹಳ್ಳದ ಈಚೆಯ ಎರಡು ಬೀದಿ ಇಲ್ಲ. ನಿನಗೆ ಈ ಸುದ್ದಿ ನನ್ನಿಂದಲೇ ತಿಳಿಯಬೇಕು ಅನ್ನಿಸಿತು. ಮಳೆ ಬಂದರೆ ಬೂದಿಯೆಲ್ಲ ಕೆಸರಾಗಿ ಹರಿಯುತ್ತದೆ, ಆದ್ದರಿಂದ ಯಾರೂ ಇಷ್ಟರಲ್ಲೇ ನೋಡಲು ಹೋಗಬಾರದು.

ಶಿಬಿರದ ತಲೆ ಎಣಿಕೆ ಮೂರು ಸಲ ಮಾಡಿಸಿದೆ. ಒಬ್ಬರೂ ಕಡಿಮೆ ಇಲ್ಲ. ಮೂರನೆಯ ಸಲ ಚಾಲಕ "ಅಮ್ಮಾ, ಸಾಕು, ಎಲ್ಲರೂ ಇದ್ದಾರೆ" ಎಂದ. ಆಗ ಅತ್ತೆ. ಅಲ್ಲಿಯವರೆಗೆ ಅಳಲು ಪುರುಸೊತ್ತಿರಲಿಲ್ಲ.

ನಿನ್ನ ಜೂನ್ ಹದಿನೈದರ ಕಾಗದವನ್ನು ಕಟ್ಟಿನಲ್ಲಿ ಇಟ್ಟಿಲ್ಲ. ನನ್ನ ಜೇಬಿನಲ್ಲಿದೆ.

ತಂಗಿ


ಶಿಬಿರ
ಜೂನ್ 27, ಶನಿವಾರ

ಗುಬ್ಬಿಗೆ,

ನಾವು ಆರಾಮಾಗಿದ್ದೇವೆ. ಲಾಂಡ್ರಿಯ ಸುದ್ದಿ ಓದಿದ ದಿನ ಊಟ ಸೇರಲಿಲ್ಲ, ಮಾರನೆಯ ದಿನ ಸೇರಿತು. ಬೇಕರಿಯವನೂ ನಾನೂ ಒಂದೇ ಬೆಂಚಿನಲ್ಲಿ ಕೂತು ನಮ್ಮ ಕಟ್ಟಡಗಳನ್ನು ಹೊಗಳಿಕೊಂಡೆವು. ಅವನ ಒಲೆ ಅಷ್ಟು ದೊಡ್ಡದಿತ್ತು ಅಂತ ನನಗೆ ನಿನ್ನೆಯವರೆಗೂ ತಿಳಿದಿರಲಿಲ್ಲ. ದಿನದಿಂದ ದಿನಕ್ಕೆ ಬೆಳೆಯುತ್ತಿದೆ.

ಶಾಲೆಯ ಹಿಂಬದಿಯಲ್ಲಿ ಎರಡು ಕಲ್ಲು, ನಾಲ್ಕು ಟಬ್ಬು ಹಾಕಿಕೊಂಡು ಶಿಬಿರದ ಬಟ್ಟೆ ಒಗೆಯುತ್ತಿದ್ದೇನೆ. ಸೋಪು ಮಾರುವವನು ತಾನಾಗಿ ಬಂದು ಸೋಪು ಕೊಟ್ಟ. ಅದೇ ಹಳೆಯ ಮಾಲು. ನೊರೆ ಮೊಣಕೈವರೆಗೆ ಬಂತು. ನಾನು ಅವನ ಕ್ಷಮೆ ಕೇಳಿದೆ. ತಂತಿಯವನ ಹತ್ತಿರವೂ ಕೇಳಬೇಕು, ಅವನು ನನ್ನನ್ನು ಕಂಡರೆ ಬೇರೆ ದಾರಿ ಹಿಡಿಯುತ್ತಾನೆ. ಹಿಡಿದು ನಿಲ್ಲಿಸುತ್ತೇನೆ.

ಮುಂದಿನ ಶನಿವಾರ ಚಾಲಕನ ಕೈಯಲ್ಲಿ ಕಾಗದ ಕಳಿಸಬೇಡ, ಅವನ ಜೊತೆ ನೀನೇ ಬಾ. ಮೂರನೆಯ ಕಿಟಕಿಯ ಕೆಳಗೆ ಯಾರಿಗೂ ಹಾಸಿಗೆ ಹಾಸಲು ಬಿಟ್ಟಿಲ್ಲ. ದಪ್ಪ ಕಂಬಳಿ ಎರಡು ತೆಗೆದಿಟ್ಟಿದ್ದೇನೆ. ಎರಡು ಯಾಕೆ, ಒಂದು ಸಾಲದೇ ಅಂತ ವಾದ ಮಾಡಬೇಡ. ಅಮ್ಮ ಹೇಳಿದ್ದು ಎರಡು.

ಇವತ್ತು ಬೆಳಿಗ್ಗೆ ಆರು ಗಂಟೆಗೆ ಶಿಬಿರದ ನಲ್ಲಿಯ ನೀರು 19 ಡಿಗ್ರಿ. ಥರ್ಮಾಮೀಟರಿನಲ್ಲಿ ನೋಡಿದ್ದು. ಕೈಗೂ ಹತ್ತೊಂಬತ್ತೇ ಅನ್ನಿಸಿತು, ಅದನ್ನು ಬರೆದುಕೊಳ್ಳಬೇಡ.

ನಿನ್ನ ಅಣ್ಣ